ಹತ್ತಿ ಹೊಲದ ಕೆಳಗಿನ ಬಂದರು

ನ್ಯಾಮತಿ

ಸಮುದ್ರದಲ್ಲಿ ಮುಳುಗಿದ ಬಂದರು ತೋರಿಸುತ್ತೇವೆ ಬನ್ನಿ ಎಂದು ಕರೆದವರು ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಹತ್ತಿ ಹೊಲದಲ್ಲಿ. ಹತ್ತಿ ಹೊಲ ನೋಡುವುದಕ್ಕೆ ಟರ್ಕಿಗೆ ಹೋಗಬೇಕಿತ್ತೇ? ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಹುಟ್ಟಿದವಳು ನಾನು. ಅಪ್ಪನ ಎರೆ ಹೊಲದಲ್ಲಿ ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿ ಒಡೆಸಿಕೊಂಡೇ ಹೈಸ್ಕೂಲು ಮುಗಿಸಿದವಳು.

ಇದು ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಮನೆ ನ್ಯಾಮತಿಯಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಹೊನ್ನಾಳಿಯ ಹತ್ತಿರ ತುಂಗಭದ್ರೆ ತನ್ನ ದಂಡೆಯನ್ನು ಹೇಗೆ ಸರಿಸುತ್ತಾ ಬಂದಿದೆ, ದಂಡೆಯ ಹಳೆಯ ಊರುಗಳು ಹೇಗೆ ಮಣ್ಣಿನಡಿ ಸೇರಿವೆ ಎಂದು ಒಂದು ಪ್ರಬಂಧ ಬರೆದಿದ್ದೆ. ಅದಕ್ಕೆ ಚಿತ್ರ ಬರೆದುಕೊಟ್ಟವರು ಚನ್ನಗಿರಿಯ ರಹಮತ್ ಸಾಹೇಬರು. ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಡಕೆಯ ಚೂರೊಂದನ್ನು ಕೈಗೆ ಕೊಟ್ಟರೆ ಇಡೀ ಮಡಕೆಯನ್ನು ಕಾಗದದ ಮೇಲೆ ನಿಲ್ಲಿಸುತ್ತಿದ್ದರು. ಆ ಪ್ರಬಂಧ ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಟರ್ಕಿಯ ಪಶ್ಚಿಮ ತೀರದಲ್ಲಿ ಹಳೆಯ ಬಂದರುಗಳನ್ನು ಹುಡುಕುವ ತಂಡವೊಂದು ಒಂದು ಬೇಸಿಗೆಗೆ ನಮ್ಮಿಬ್ಬರನ್ನೂ ಕರೆಯಿತು.

ನಮ್ಮ ಮನೆಯವರಿಗೆ ಇದು ತಲೆಗೆ ಹತ್ತಲಿಲ್ಲ. "ಸಮುದ್ರ ನೋಡಾಕೆ ಅಷ್ಟು ದೂರ ಯಾಕೆ? ಕಾರವಾರಕ್ಕೆ ಬಸ್ ಐತಲ್ಲ" ಎಂದರು.

"ಇದು ಬರೀ ಸಮುದ್ರ ಅಲ್ಲ ಕಣ್ರೀ. ಸಮುದ್ರದಾಗೆ ಮುಳುಗಿರೋ ಊರು."

"ಮುಳುಗಿದ ಊರೇ ಬೇಕಂದ್ರೆ ಲಕ್ಕವಳ್ಳಿ ಡ್ಯಾಮಿಗೆ ಹೋಗು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು."

ಸಾಹೇಬರ ಮನೆಯಲ್ಲಿ ಚಿಂತೆಯೇ ಬೇರೆ. ಅವರ ಹೆಂಡತಿ ಫಾತಿಮಾಬಿ ನನ್ನ ಕೈ ಹಿಡಿದುಕೊಂಡು, "ಟೀಚರಮ್ಮ, ಇವರು ಕೆರೆಬಿಳಚಿಯಾಗೆ ಬೆಳೆದೋರು. ಸೂಳೆಕೆರೇಲಿ ಈಜಿದ ಮನುಷ್ಯ. ನೀರು ಕಂಡ್ರೆ ಅಂಗಿ ಬಿಚ್ಚತಾರೆ. ಈಗ ಆ ವಯಸ್ಸು ಐತಾ? ಸ್ವಲ್ಪ ಹಿಡಕೊಳ್ರಿ" ಎಂದರು. ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಮಾತು ಉಳಿಸಿಕೊಳ್ಳುವುದು ಮೊದಮೊದಲು ಏನೂ ಕಷ್ಟವಾಗಲಿಲ್ಲ, ಇಳಿಯುವುದಕ್ಕೆ ನೀರೇ ಇರಲಿಲ್ಲ.

ಇಜ್ಮಿರ್

ಇಜ್ಮಿರಿಗೆ ನಾವು ಬಂದೆವು, ನನ್ನ ಸೂಟ್‌ಕೇಸ್ ಬರಲಿಲ್ಲ. ಸಾಹೇಬರ ಡ್ರಾಯಿಂಗ್ ಬೋರ್ಡು ಮಾತ್ರ, ಕಿಟಕಿಯ ಬಾಗಿಲಿನಷ್ಟು ದೊಡ್ಡದು, ದಾರಿಯುದ್ದಕ್ಕೂ ಕಂಡಕಂಡವರ ಮಂಡಿಗೆ ಬಡಿದು ಎಲ್ಲರ ಬೈಗುಳ ತಿಂದು, ಒಂದು ಗೀರೂ ಇಲ್ಲದೆ ಬಂದಿಳಿಯಿತು. ನನ್ನ ಸೀರೆಗಳು, ಅವಲಕ್ಕಿ, ಚಟ್ನಿಪುಡಿ, ಸಜ್ಜೆ ರೊಟ್ಟಿ ಯಾವ ದೇಶಕ್ಕೆ ಹೋದವೋ ದೇವರೇ ಬಲ್ಲ.

ಕೌಂಟರಿನಲ್ಲಿದ್ದ ತರುಣನನ್ನು, "ಸೂಟ್‌ಕೇಸ್ ನಾಳೆ ಬರುತ್ತದಾ?" ಎಂದು ಕೇಳಿದೆ. ಅವನು ಗದ್ದವನ್ನು ಮೇಲಕ್ಕೆತ್ತಿ, ನಾಲಿಗೆಯಿಂದ 'ಚ್ಚ್' ಎಂದ. ಪಾಪ, ಹುಡುಗ ನನ್ನ ಕಷ್ಟಕ್ಕೆ ಮರುಗುತ್ತಿದ್ದಾನೆ ಎಂದುಕೊಂಡೆ. ನಮ್ಮಲ್ಲಿ ಆ ಸದ್ದಿಗೆ ಅದೇ ಅರ್ಥ. ಅಲ್ಲಿ ಅದರ ಅರ್ಥ 'ಇಲ್ಲ'. ಇದು ಗೊತ್ತಾಗುವಷ್ಟರಲ್ಲಿ ನಾನು ಅವನಿಗೆ ನಾಲ್ಕಾರು ಸಲ ಥ್ಯಾಂಕ್ಸ್ ಹೇಳಿ ಆಗಿತ್ತು. ನಮ್ಮ ತಲೆಯಾಡಿಸುವಿಕೆಯೂ ಅವರಿಗೆ ಅಷ್ಟೇ ಅರ್ಥವಾಗುತ್ತಿರಲಿಲ್ಲ. ಹೋಟೆಲಿನಲ್ಲಿ ಇನ್ನೊಂದು ಚಹಾ ಬೇಕಾ ಎಂದು ಕೇಳಿದವನಿಗೆ ನಾನು ಬೇಕು ಎಂದು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದೆ. ಅವನು ಗಾಬರಿಯಿಂದ ನೋಡಿ, ಇದ್ದ ಲೋಟವನ್ನೂ ಎತ್ತಿಕೊಂಡು ಹೋದ.

ಸಮುದ್ರವನ್ನು ಅಲ್ಲೇ ನೋಡಿದೆ. ನಲವತ್ತು ದಾಟಿದ ಮೇಲೆ, ಮೊದಲ ಸಲ. ಎಷ್ಟು ವರ್ಷದಿಂದ ಅಲೆ, ಉಬ್ಬರ, ಇಳಿತ ಎಂದು ಕರಿಹಲಗೆಯ ಮೇಲೆ ಗೀಚಿದ್ದೆ! ಹಡಗುಕಟ್ಟೆಯ ಅಂಚಿಗೆ ಹೋಗಿ ಬಗ್ಗಿದರೆ ಎಣ್ಣೆಯ ಪೊರೆ ಕಟ್ಟಿದ ಕರಿ ನೀರು, ಅದರ ಮೇಲೆ ತೇಲುವ ಕಲ್ಲಂಗಡಿ ಸಿಪ್ಪೆ, ಮೂಗು ಮುಚ್ಚಿಕೊಳ್ಳುವ ನಾತ. ಅಲೆಯೂ ಇಲ್ಲ, ಮಣ್ಣೂ ಇಲ್ಲ.

ಸಾಹೇಬರು ಬಹಳ ಹೊತ್ತು ನೋಡಿದರು. "ಬೇಜಾರು ಮಾಡ್ಕಬ್ಯಾಡ್ರಿ ಟೀಚರಮ್ಮ," ಎಂದರು, "ಇದಕ್ಕಿಂತ ನಮ್ಮ ಸೂಳೆಕೆರೆ ಚೆಂದ ಐತೆ."

ಯೆನಿಕೋಯ್

ತಂಡದ ಬಿಡಾರ ಇದ್ದದ್ದು ಮೆಂಡೆರೆಸ್ ನದಿಯ ಬಯಲಿನಲ್ಲಿ, ಯೆನಿಕೋಯ್ ಎಂಬ ಹಳ್ಳಿಯಲ್ಲಿ. ಯೆನಿಕೋಯ್ ಎಂದರೆ ಹೊಸಳ್ಳಿ. ನಮ್ಮ ಪ್ರತಿ ತಾಲ್ಲೂಕಿನಲ್ಲೂ ಹತ್ತು ಹೊಸಳ್ಳಿ ಇರುವ ಹಾಗೆ ಅವರಲ್ಲೂ ಯೆನಿಕೋಯ್‌ಗಳಿಗೆ ಲೆಕ್ಕವಿಲ್ಲ. ಹೀಗಾಗಿ ಜೀಪಿನವನು ನಮ್ಮನ್ನು ಮೊದಲು ಬೇರೊಂದು ಯೆನಿಕೋಯ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಚಹಾ ಕುಡಿದು, ಜಗಳವಾಡಿ, ಆಮೇಲೆ ಈ ಯೆನಿಕೋಯ್‌ಗೆ ತಂದ.

ಇಳಿದು ನೋಡಿದರೆ ಕಣ್ಣು ಹಾಯುವಷ್ಟು ದೂರ ಹತ್ತಿ. ತಂಡದ ಮುಖ್ಯಸ್ಥರಾದ ಡಾಕ್ಟರ್ ಕ್ರಾಮರ್ ಜರ್ಮನಿಯವರು. ಬಿಸಿಲಿಗೆ ಸುಟ್ಟ ಕೆಂಪು ಮುಖ, ಚಡ್ಡಿ, ಮೊಣಕಾಲಿನವರೆಗೂ ಒಣಗಿದ ಕೆಸರು. ಕೈಕುಲುಕಿ, ಹತ್ತಿಯ ಕಡೆ ಕೈ ಬೀಸಿ ಇಂಗ್ಲಿಷಿನಲ್ಲಿ, "ಇದೇ ಬಂದರು" ಎಂದರು.

"ಎಲ್ಲಿ?"

"ನೀವು ನಿಂತಿದ್ದೀರಲ್ಲ, ಅದರ ಕೆಳಗೆ."

ಹಿಂದೆ ಅಲ್ಲಿಯವರೆಗೂ ಕೊಲ್ಲಿ ಇತ್ತಂತೆ. ಹಡಗುಗಳು ಬಂದು ನಿಲ್ಲುತ್ತಿದ್ದವಂತೆ. ಗುಡ್ಡಗಳ ಕಾಡು ಕಡಿದು ಜನ ಉಳುಮೆ ಮಾಡಿದ ಹಾಗೆಲ್ಲ ಮಳೆಗೆ ಮಣ್ಣು ಕೊಚ್ಚಿ ಬಂದು, ನದಿ ಅದನ್ನು ಹೊತ್ತು ತಂದು ಕೊಲ್ಲಿಗೆ ಸುರಿದು, ತಲೆಮಾರಿನಿಂದ ತಲೆಮಾರಿಗೆ ದಡ ಪಶ್ಚಿಮಕ್ಕೆ ಸರಿಯುತ್ತ ಹೋಗಿದೆ. ಬಂದರಿನ ವ್ಯಾಪಾರಿಗಳು ಹೂಳು ತೆಗೆದೂ ತೆಗೆದೂ ಸೋತು ಊರು ಬಿಟ್ಟಿದ್ದಾರೆ. ಇದನ್ನೆಲ್ಲ ಪಾಠ ಮಾಡುವವಳಿಗೆ ಹೇಳಬೇಕಾಗಿರಲಿಲ್ಲ. ನನಗೆ ಸಿಟ್ಟು ಬಂದದ್ದು 'ಮುಳುಗಿದ ಬಂದರು' ಎಂದು ಬರೆದು ಕರೆಸಿಕೊಂಡದ್ದಕ್ಕೆ. ಕೇಳಿಯೂಬಿಟ್ಟೆ. "ಮುಳುಗಿದೆಯಲ್ಲ, ಮಣ್ಣಿನಲ್ಲಿ!" ಎಂದು ಆತ ನಕ್ಕರು. ನೀರಿನಡಿಯ ಕಟ್ಟೆಯೂ ಒಂದಿದೆ, ಈಗಿನ ದಡದಲ್ಲಿ, ಮುಳುಗುಗಾರರು ಅಲ್ಲಿ ಕೆಲಸ ಮಾಡುತ್ತಿದ್ದಾರೆ, ಕೊನೆಗೊಂದು ದಿನ ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು.

ಸಾಹೇಬರು ಬೋರ್ಡನ್ನು ಬಗಲಲ್ಲಿಟ್ಟುಕೊಂಡೇ ಸುತ್ತಲೂ ನೋಡುತ್ತಿದ್ದರು. "ಸಮುದ್ರ ಎಲ್ಲೈತ್ರೀ?"

"ಹೋಗೈತಂತೆ ಸಾಹೇಬ್ರೆ."

"ಎಲ್ಲಿಗೆ?"

"ಆ ಗುಡ್ಡದ ಆಚೆಗೆ."

"ನಾವು ಬರೋದು ಗೊತ್ತಾಗಿ ಹೋತೇನು?"

ಬಿಡಾರದ ಊಟ ಬ್ರೆಡ್ಡು, ಟೊಮೆಟೊ ಮತ್ತು ಆಲಿವ್ ಕಾಯಿ. ನೇರಳೆ ಹಣ್ಣಿನ ಹಾಗೆ ಕಾಣುತ್ತದಲ್ಲ ಎಂದು ಆಸೆಯಿಂದ ಬಾಯಿಗೆ ಹಾಕಿಕೊಂಡೆ. ಉಪ್ಪಿನಲ್ಲಿ ನೆನೆಸಿದ ಬೇವಿನ ಬೀಜ ಅಗಿದಂತಾಯಿತು. ಉಗಿಯಲೂ ಆಗದೆ ನುಂಗಲೂ ಆಗದೆ ಕುಳಿತಿದ್ದಾಗ, ತಂಡದ ದುಭಾಷಿ ಸೆಲ್ಮಾ, ಇಜ್ಮಿರಿನಲ್ಲಿ ಓದುತ್ತಿದ್ದ ಚುರುಕಾದ ಹುಡುಗಿ, "ಇಷ್ಟವಾಯಿತಾ?" ಎಂದು ಇನ್ನೊಂದು ಹಿಡಿ ಬಡಿಸಿದಳು.

ಅಂಜೂರದ ಮರದ ನೆರಳು

ಮಾರನೆಯ ದಿನ ಬಿಸಿಲಿಗೆ ತಲೆ ಸುತ್ತಿ, ನಾನೂ ಸಾಹೇಬರೂ ಹೊಲದಂಚಿನ ಮನೆಯೊಂದರ ಅಂಜೂರದ ಮರದಡಿ ಹೋಗಿ ನಿಂತೆವು. ತಲೆಗೆ ಹೂವಿನ ವಸ್ತ್ರ ಕಟ್ಟಿದ ವಯಸ್ಸಾದ ಹೆಂಗಸೊಬ್ಬರು ಹೊರಗೆ ಬಂದು ಏನೋ ಕೇಳಿದರು. ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡು, "ಮುಸಾಫಿರ್" ಎಂದರು. ಆಕೆಯ ಮುಖ ಅರಳಿತು. ನಮ್ಮನ್ನು ಎಳೆದು ಕೂರಿಸಿದರು. ಜಮಖಾನ ಬಂತು, ಬ್ರೆಡ್ಡು ಬಂತು, ಚಹಾ ಬಂತು. ಅಲ್ಲಿ ಆ ಮಾತಿಗೆ ನೆಂಟ ಎಂದು ಅರ್ಥವಂತೆ. ದಾರಿಹೋಕರು, ನೆರಳಿಗೆ ನಿಂತಿದ್ದೇವೆ ಎಂದು ಹೇಳಹೋಗಿ ಸಾಹೇಬರು, ನಿಮ್ಮ ಮನೆಗೆ ನೆಂಟರಾಗಿ ಬಂದಿದ್ದೇವೆ ಎಂದುಬಿಟ್ಟಿದ್ದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು, ಆದರೆ ಆಕೆ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದಿಟ್ಟರು. ಒಗ್ಗರಣೆಯಿಲ್ಲದ, ಉಪ್ಪು ಹಾಕಿದ, ತಣ್ಣನೆಯ ಮಜ್ಜಿಗೆ. ನಾಚಿಕೆ ಬಿಟ್ಟು ಕುಡಿದೆ.

ಆಕೆಯ ಹೆಸರು ಹಾತಿಜೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸಾಹೇಬರು ಆಕೆಯನ್ನು ಖಾನಮ್ ಎಂದು ಕರೆದರು, ನಾನೂ ಹಾಗೆಯೇ ಕರೆದೆ. ಮನೆಯ ಪಕ್ಕದಲ್ಲಿ ಕಲ್ಲು ಕಟ್ಟಿದ ಬಾವಿ. ಅದರ ಸುತ್ತ ಟೊಮೆಟೊ, ಬದನೆ, ಮೆಣಸಿನ ಮಡಿಗಳು. ಅದನ್ನು ಬೆಳೆದು ಸಂತೆಗೆ ಒಯ್ದು ಮಾರುವುದೇ ಆಕೆಯ ಬದುಕು. ಆ ಬಯಲಿನ ಬೇರೆ ಬಾವಿಗಳೆಲ್ಲ ಸವಳು. ಈ ಒಂದು ಬಾವಿಯ ನೀರು ಮಾತ್ರ ಸಿಹಿ. ಆಚೀಚೆ ಮನೆಯವರೂ ಕುಡಿಯುವ ನೀರಿಗೆ ಅಲ್ಲಿಗೇ ಬರುತ್ತಿದ್ದರು. ಇದನ್ನೆಲ್ಲ ಆಮೇಲೆ ಸೆಲ್ಮಾ ತಿಳಿಸಿದಳು. ಅವತ್ತು ನಾವು ಮೂವರೂ ಕೈಸನ್ನೆಯಲ್ಲೇ ಮಾತಾಡಿದೆವು. ಹವಾ, ದುನಿಯಾ, ತಾಜಾ ಎಂಬಂಥ ಮಾತುಗಳು ಎರಡೂ ಕಡೆ ಒಂದೇ ಎಂದು ಗೊತ್ತಾದಾಗಲೆಲ್ಲ ಸಾಹೇಬರೂ ಖಾನಮ್ಮೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ತಂಡಕ್ಕೆ ನೆಲ ಕೊರೆಯಲು ಆಕೆ ಮೊದಲೇ ಒಪ್ಪಿದ್ದು ತಮ್ಮ ಹೊಲದ ಆಚೆಯ ಬದುವಿನಲ್ಲಿ. ಆದರೆ ಹಳೆಯ ಬಂದರಿನ ಅಂಚು ಇಲ್ಲಿರಬೇಕೆಂದು ಕ್ರಾಮರ್ ನಕ್ಷೆಯಲ್ಲಿ ಎಳೆದಿದ್ದ ಗೆರೆ ಬಾವಿಯ ಹತ್ತಿರವೇ ಹಾದುಹೋಗಿತ್ತು. ಖಾನಮ್ ಸಂತೆಗೆ ಹೋಗಿದ್ದ ದಿನ ಆತ ಬೈರಿಗೆಯನ್ನು ಅಂಜೂರದ ಮರದಡಿಗೇ ತರಿಸಿದರು. ಬಡಗಿಯ ಬೈರಿಗೆಯನ್ನೇ ಉದ್ದ ಮಾಡಿದಂಥ ಉಪಕರಣ ಅದು. ಇಬ್ಬರು ಹಿಡಿದು ತಿರುಗಿಸುತ್ತ ಇಳಿಸಬೇಕು, ತುಂಡಿಗೆ ತುಂಡು ಜೋಡಿಸುತ್ತ ಹೋಗಬೇಕು.

"ಬಾವಿ ಇಷ್ಟು ಹತ್ತಿರ ಇದೆ, ಬೇಡ" ಎಂದೆ.

"ಮೇಡಂ, ಇದು ಮುಷ್ಟಿಯಷ್ಟಗಲದ ತೂತು" ಎಂದರು ಕ್ರಾಮರ್.

ಮೊದಲು ಕಂದು ಬಣ್ಣದ ಹೊಲದ ಮಣ್ಣು ಬಂತು. ಆಮೇಲೆ ಬೂದು ಬಣ್ಣದ ಜೇಡಿ, ಬೆಣ್ಣೆಯ ಹಾಗೆ ಬೈರಿಗೆಗೆ ಅಂಟಿಕೊಂಡು, ಮುಗಿಯುವಂತೆಯೇ ಕಾಣಲಿಲ್ಲ. ಮಧ್ಯಾಹ್ನದ ಮೇಲೆ ಒಮ್ಮೆಲೇ ಬೈರಿಗೆ ಜಾರಿತು. ಮೇಲಕ್ಕೆತ್ತಿದಾಗ ಕಪ್ಪು ಮರಳು, ಅದರ ತುಂಬ ಪುಟ್ಟ ಪುಟ್ಟ ಚಿಪ್ಪು. ಸಮುದ್ರದ ತಳ! ಮರಳಿನ ನಡುವೆ ಮರದ ಚೂರೊಂದು ಸಿಕ್ಕಿತ್ತು. ಅದರಲ್ಲಿ ಯಾರೋ ಕೊರೆದ ದುಂಡನೆಯ ತೂತು, ತೂತಿನಲ್ಲಿ ಇನ್ನೂ ಕೂತಿದ್ದ ಮರದ ಗೂಟ. ಮೂಗಿನ ಹತ್ತಿರ ಹಿಡಿದರೆ ರಾಳದ ವಾಸನೆ. ದೋಣಿಯದೋ ಕಟ್ಟೆಯದೋ, ಮನುಷ್ಯ ಕೈಯಿಟ್ಟು ಮಾಡಿದ್ದು. ಕ್ರಾಮರ್ ನೆಲಕ್ಕೆ ಮಂಡಿಯೂರಿ ಕೂತುಬಿಟ್ಟರು. ಅಷ್ಟು ಹೊತ್ತೂ ಗೊಣಗುತ್ತಿದ್ದ ನನಗೂ ಮೈ ಜುಮ್ಮೆಂದಿತು. ಸಾಹೇಬರು ಅಲ್ಲೇ ಬೋರ್ಡು ಹರಡಿ, ಚೂರು ಒಣಗಿ ಬಿರಿಯುವ ಮೊದಲೇ ಚಿತ್ರ ತೆಗೆಯಲು ಕುಳಿತರು.

ತೂತಿನಿಂದ ನೀರು ಜಿನುಗಿ ಮೇಲೆ ಬರುತ್ತಿದ್ದುದನ್ನು ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ.

ಕುಯು ಹರಾಪ್

ಮುಂದಿನ ದಿನಗಳಲ್ಲಿ ಕ್ರಾಮರ್ ಸುತ್ತಮುತ್ತ ಇನ್ನಷ್ಟು ಕೊರೆಸಿದರು. ಎಲ್ಲೂ ಏನೂ ಸಿಗದೆ ಸಿಡಿಮಿಡಿಗೊಂಡು, ಮತ್ತೆ ಮರದಡಿಗೇ ಬಂದು, ಆ ತೂತನ್ನೇ ಅಗಲ ಮಾಡಿ ಗುಂಡಿ ತೆಗೆಯೋಣ ಎಂದು ನಿಶ್ಚಯಿಸಿದರು.

ಬೆಳಿಗ್ಗೆ ಗುದ್ದಲಿ ಹೊತ್ತು ಹೋದರೆ ಖಾನಮ್ ಬಾವಿಯ ಹತ್ತಿರ ನಿಂತಿದ್ದರು. ನಮ್ಮನ್ನು ನೋಡಿ ನಗಲಿಲ್ಲ. ಬಕೆಟ್ಟನ್ನು ನೆಲಕ್ಕೆ ಕುಕ್ಕಿ, "ಕುಯು ಹರಾಪ್!" ಎಂದರು. ಸೆಲ್ಮಾ ಇನ್ನೂ ಬಂದಿರಲಿಲ್ಲ. ಸಾಹೇಬರ ಮುಖ ಇಳಿಯಿತು. "ಟೀಚರಮ್ಮ, ಕುವಾ ಖರಾಬ್ ಅಂತಾವ್ರೆ. ಬಾವಿ ಕೆಟ್ಟೋಗೈತೆ."

ನಾನು ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಾಯಿಗೆ ಹಾಕಿದೆ. ಉಪ್ಪು. ಬರೀ ಉಪ್ಪಲ್ಲ, ಕಹಿಗಟ್ಟಿದ ಉಪ್ಪು. ಮಡಿಯ ಕಡೆ ನೋಡಿದೆ. ಬದನೆ ಎಲೆಗಳ ಅಂಚು ಸುಟ್ಟಂತೆ ಮುದುರಿತ್ತು. ಟೊಮೆಟೊ ಗಿಡಗಳು ನೀರುಂಡೂ ಬಾಡಿದ್ದವು.

ಸೆಲ್ಮಾ ಬಂದಳು, ಕ್ರಾಮರ್ ಬಂದರು. ಖಾನಮ್ ಕೈ ಆಡಿಸುತ್ತ, ಬಾವಿ ತೋರಿಸುತ್ತ, ಗಿಡ ತೋರಿಸುತ್ತ ಬಹಳ ಹೊತ್ತು ಕೂಗಿದರು. ಎಲ್ಲ ಕೇಳಿಸಿಕೊಂಡ ಸೆಲ್ಮಾ, "ಅವರಿಗೆ ಬೇಸರವಾಗಿದೆ" ಎಂದಳು.

"ಬೇಸಿಗೆಯಲ್ಲಿ ಬಾವಿ ನೀರು ಹೀಗಾಗುವುದುಂಟು" ಎಂದರು ಕ್ರಾಮರ್.

"ನಿಮ್ಮ ತೂತಿನಿಂದ ಆಗಿದ್ದು" ಎಂದೆ.

"ಅಷ್ಟು ಸಣ್ಣ ತೂತಿನಿಂದಲೇ?"

ನನಗೆ ತಡೆಯಲಾಗಲಿಲ್ಲ. ಆತನ ತೋಳು ಹಿಡಿದೇ ಎಳೆದುಕೊಂಡು ಹೋದೆ. ಊರಿನಲ್ಲಿ ಯಾವ ಗಂಡಸಿನ ತೋಳನ್ನೂ ಹಾಗೆ ಹಿಡಿದವಳಲ್ಲ. ತೂತಿನ ಬಾಯಿಂದ ನೂಲಿನಂಥ ನೀರು ಉಕ್ಕಿ, ಎಲೆಗಳ ಅಡಿಯಲ್ಲಿ ಸರಿದು, ಬಾವಿಕಟ್ಟೆಯ ಸಡಿಲವಾದ ಕಲ್ಲಿನ ಸಂದಿಯಲ್ಲಿ ಇಳಿಯುತ್ತಿತ್ತು. ನೀರು ಹರಿದು ಒಣಗಿದ ಜಾಗದಲ್ಲೆಲ್ಲ ಬೆಳ್ಳಗೆ ಉಪ್ಪಿನ ಗೆರೆ.

"ಸಮುದ್ರ ಹಿಂದೆ ಸರಿದಿದೆ ಅಂತ ನೀವೇ ಹೇಳಿದಿರಿ," ಎಂದೆ, "ಅರ್ಧ ಸಮುದ್ರ ಇಲ್ಲೇ ಕೆಳಗೆ ಕೂತಿದೆ. ಆ ಜೇಡಿಯೇ ಅದರ ಮುಚ್ಚಳ. ಮುಚ್ಚಳಕ್ಕೆ ತೂತು ಮಾಡಿದ್ದೀರಿ. ಈಗ ಅಗಲ ಬೇರೆ ಮಾಡಬೇಕಾ?"

ಕ್ರಾಮರ್ ತಮ್ಮ ಭಾಷೆಯಲ್ಲಿ ಏನೋ ಬೈದರು. ಯಾರನ್ನು ಬೈದರೋ ಗೊತ್ತಾಗಲಿಲ್ಲ. ಉಪ್ಪಿನ ಗೆರೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಹಚ್ಚಿಕೊಂಡರು. "ಮುಚ್ಚಿದರೆ ಇಲ್ಲಿ ಮತ್ತೆ ಕೊರೆಯಲು ಯಾರೂ ಬಿಡುವುದಿಲ್ಲ" ಎಂದರು. "ಎಷ್ಟು ಬೇಸಿಗೆ ಹುಡುಕಿದ್ದೇನೆ ಗೊತ್ತಾ? ಸಿಕ್ಕಿದ್ದು ಇದೊಂದು."

ಅದೂ ನಿಜವೇ. ನಾನೇ ಮೂಸಿ ನೋಡಿದ್ದೆ ಆ ಮರದ ಚೂರನ್ನು. ಅದರ ಜೊತೆಯವು ಅಲ್ಲೇ ಕೆಳಗೆ, ಕತ್ತಲಲ್ಲಿ, ಕೈಗೆ ಎಟುಕುವಷ್ಟರಲ್ಲಿ ಇದ್ದವು. ಮುಚ್ಚಿಬಿಡಿ ಎಂದು ಹೇಳಬೇಕಾಗಿ ಬಂದದ್ದಕ್ಕೆ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಖಾನಮ್ ನಮ್ಮ ಇಂಗ್ಲಿಷ್ ಜಗಳದ ನಡುವೆ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದರು. ಕೂಗಾಟ ನಿಂತಿತ್ತು. ಸಾಹೇಬರು ದೂರದಲ್ಲಿ, ಆಕೆಯ ಕಡೆ ನೋಡಲಾರದೆ, ಬೆನ್ನು ಹಾಕಿ ನಿಂತಿದ್ದರು.

ಕ್ರಾಮರ್ ಇಬ್ಬರನ್ನೂ ನೋಡಿದರು. "ಹೇಗೆ ಮುಚ್ಚುವುದು?" ಎಂದು ನನ್ನನ್ನು ಕೇಳಿದರು.

ಜೇಡಿಮಣ್ಣು

ಬಿಳಿಚೋಡಿನಲ್ಲಿ ಅಪ್ಪ ನಮ್ಮ ಬಾವಿಯನ್ನು ಆಳ ಮಾಡಿಸಿದಾಗ ತಳದಲ್ಲಿ ಸವಳು ನೀರಿನ ಊಟೆ ಒಡೆದು ಇಡೀ ಬಾವಿ ಕೆಟ್ಟಿತ್ತು. ಜೇಡಿಯ ಉಂಡೆ ಕಟ್ಟಿ, ಊಟೆಯ ಬಾಯಿಗೆ ಹಾಕಿ ಹಾಕಿ ಒನಕೆಯಿಂದ ಜಡಿದು, ಆಮೇಲೆ ನೀರನ್ನೆಲ್ಲ ಸೇದಿ ಚೆಲ್ಲಿದ್ದರು. ಮನೆಮಂದಿಯೆಲ್ಲ ಉಂಡೆ ಕಟ್ಟಿದ್ದು ನೆನಪಿತ್ತು. ಇಲ್ಲೂ ಅಷ್ಟೇ ಮಾಡುವುದು ಎಂದೆ.

ಕಾಲುವೆಯ ಅಂಚಿನಿಂದ ಜೇಡಿ ತಂದೆವು. ಇದ್ದ ಎರಡು ಸೀರೆಗಳಲ್ಲಿ, ಒಂದು ಉಟ್ಟು ಬಂದದ್ದು, ಇನ್ನೊಂದು ಕೈಚೀಲದಲ್ಲಿದ್ದದ್ದು, ಒಳ್ಳೆಯದೇ ಅವತ್ತು ಮೈಮೇಲಿತ್ತು. ಅದನ್ನೇ ಎತ್ತಿ ಕಟ್ಟಿ ಮಣ್ಣು ತುಳಿದೆ. ಸೆಲ್ಮಾ ಉಂಡೆ ಕಟ್ಟಿದಳು. ಅವಳ ಉಂಡೆಗಳು ಎಷ್ಟು ನಯವಾಗಿದ್ದವೆಂದರೆ ಸಾಹೇಬರು, "ತಂಬಿಟ್ಟು ಕಟ್ಟಿದಂಗೆ ಐತೆ" ಎಂದರು. ಕ್ರಾಮರ್ ಉದ್ದನೆಯ ಗಳದಿಂದ ಜಡಿದರು. ಮೊದಮೊದಲು ಹಾಕಿದ್ದೆಲ್ಲ ನುಂಗಿಹೋಯಿತು. ಸಂಜೆಯ ಹೊತ್ತಿಗೆ ಗಳ ಗಟ್ಟಿಯಾಗಿ ಬಡಿಯತೊಡಗಿತು. ನೂಲಿನಂಥ ನೀರು ನಿಂತಿತು.

ಕೆಸರು ಬಳಿದುಕೊಂಡು ಬಿಡಾರಕ್ಕೆ ಬಂದರೆ ನನ್ನ ಸೂಟ್‌ಕೇಸ್ ಬಂದು ಕುಳಿತಿತ್ತು! ಬೆಳಿಗ್ಗೆಯೇ ಬರಬಾರದಿತ್ತೇ? ತೆಗೆದು ನೋಡಿದರೆ ಚಟ್ನಿಪುಡಿಯ ಡಬ್ಬಿ ಬಾಯಿ ಬಿಟ್ಟು, ಸೀರೆಗಳ ಮಡಿಕೆ ಮಡಿಕೆಯಲ್ಲೂ ಖಾರ. ಮುಂದಿನ ಎಲ್ಲ ದಿನವೂ ಸೀನುತ್ತಲೇ ಕಳೆದೆ.

ಬಾವಿ ಖಾಲಿ ಮಾಡುವುದು ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ರಾಟೆಯಿಲ್ಲ, ಹಗ್ಗ ಕೈಯಲ್ಲೇ ಎಳೆಯಬೇಕು. ಸೇದಿದ ನೀರನ್ನು ಮಡಿಗೆ ತಾಗದಂತೆ ದೂರದ ಕಾಲುವೆಗೆ ಹೊತ್ತು ಚೆಲ್ಲಬೇಕು. 'ನೀರಿಗೆ ಇಳಿಯಬೇಡಿ' ಎಂದು ಹೇಳಿಸಿಕೊಂಡು ಬಂದಿದ್ದ ಸಾಹೇಬರು, ನೀರು ತಳ ಕಂಡಾಗ, ಬೇಡ ಬೇಡವೆಂದರೂ ಅಂಗಿ ಬಿಚ್ಚಿ ಒಳಗಿಳಿದು, ಸಂದಿಗಳಿಗೆಲ್ಲ ಜೇಡಿ ಮೆತ್ತಿ ಬಂದರು. ಎರಡು ಸಲ ಬಾವಿ ಬರಿದು ಮಾಡಿದೆವು. ಮತ್ತೆ ತುಂಬಿದ ನೀರು ಮತ್ತೂ ಉಪ್ಪೇ. ಮೊದಲಿಗಿಂತ ಕಡಿಮೆ, ಆದರೂ ಉಪ್ಪು.

ಅಷ್ಟರಲ್ಲಿ ದೋಣಿಯ ದಿನ ಬಂತು. ಜೀಪು ಹತ್ತಿ ಎಂದರು ಕ್ರಾಮರ್. ನೀರಿನಡಿಯ ಕಟ್ಟೆ, ಮುಳುಗುಗಾರರು, ಎಣ್ಣೆಯಿಲ್ಲದ ನಿಜವಾದ ಸಮುದ್ರ. ನಾನು ಟರ್ಕಿಗೆ ಬಂದದ್ದೇ ಇದಕ್ಕೆ. ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಆ ಕಡೆ ಖಾನಮ್ ಒಬ್ಬರೇ ಬಾವಿಗೆ ಬಕೆಟ್ಟು ಬಿಡುತ್ತಿದ್ದರು, ನಮ್ಮ ಕಡೆ ತಿರುಗಿಯೂ ನೋಡದೆ.

ಕಾಲು ಕೆಳಗಿಟ್ಟೆ. "ನೀವು ಹೋಗಿ ಬನ್ನಿ ಸಾಹೇಬ್ರೆ, ನೋಡಿ ಬಂದು ಹೇಳ್ರಿ" ಎಂದೆ.

"ನಿಮ್ಮನ್ನ ಇಲ್ಲಿ ಬಿಟ್ಟು ಸಮುದ್ರದಾಗೆ ಏನು ಮಾಡಾಕೆ ಹೋಗಲಿ?" ಎಂದು ಅವರೂ ಇಳಿದರು.

ಜೀಪು ಹೋಯಿತು. ಬಿಸಿಲೇರುವವರೆಗೂ ಹಗ್ಗ ಎಳೆದೆ. ಎಳೆಯುತ್ತಲೇ ನನ್ನನ್ನೇ ಬೈದುಕೊಂಡೆ. ನಾನೇನು ಆ ತೂತು ಕೊರೆದವಳೇ? ಇವರಿಗೆಲ್ಲ ಬೇಸಿಗೆ ಬೇಸಿಗೆಗೂ ಸಮುದ್ರವಿದೆ. ನನ್ನನ್ನು ಇನ್ನೊಂದು ಸಲ ಯಾರು ಕರೆಯುತ್ತಾರೆ? ಅಂಗೈಯಲ್ಲಿ ಬೊಬ್ಬೆ ಎದ್ದಿತು. ಖಾನಮ್ ನೋಡಿ, ಹಗ್ಗ ಕಿತ್ತುಕೊಂಡು, ತಮ್ಮ ತಲೆಯ ವಸ್ತ್ರವನ್ನೇ ಹರಿದು ನನ್ನ ಕೈಗೆ ಸುತ್ತಿದರು.

ಮಧ್ಯಾಹ್ನದ ಮೇಲೆ ಜೀಪು ವಾಪಸು ಬಂತು. ಗಾಳಿ ಜೋರಾಗಿ, ದೋಣಿಯವನು ದಡ ಬಿಡಲು ಒಪ್ಪಿರಲಿಲ್ಲವಂತೆ. ಯಾರೂ ಏನೂ ನೋಡದೆ, ಕೂದಲೆಲ್ಲ ಕೆದರಿಕೊಂಡು ಬಂದಿದ್ದರು. ಕ್ರಾಮರ್ ಜೀಪಿನಿಂದಿಳಿದು ಸೀದಾ ಬಾವಿಗೆ ಬಂದು, ಖಾನಮ್ ಕೈಯಿಂದ ಹಗ್ಗ ತೆಗೆದುಕೊಂಡರು. ಕತ್ತಲಾಗುವವರೆಗೂ ಬಿಡಲಿಲ್ಲ.

ಆಮೇಲೆ ಬಾವಿ ತುಂಬಿಕೊಳ್ಳಲು ಬಿಟ್ಟೆವು. ಹೊರಡುವ ಹಿಂದಿನ ಸಂಜೆ ಖಾನಮ್ ಹೊಸ ನೀರು ಸೇದಿ ಎಲ್ಲರಿಗೂ ಒಂದೊಂದು ಲೋಟ ಕೊಟ್ಟರು. ಕ್ರಾಮರ್ ಕುಡಿದು, ಚೆನ್ನಾಗಿದೆ ಎಂದರು. ಸೆಲ್ಮಾ ಸಿಹಿ ಎಂದಳು. ಸಾಹೇಬರು, "ಬಹುತ್ ಅಚ್ಛಾ" ಎಂದರು. ನಾನು ಎರಡು ಗುಟುಕು ಕುಡಿದೆ. ಹೌದೆಂದು ಹೇಳಿಬಿಟ್ಟರೆ ಮುಗಿದಿತ್ತು, ನನಗೂ ಸಾಕುಸಾಕಾಗಿತ್ತು. ಆದರೆ ಖಾನಮ್ ನನ್ನ ಬಾಯನ್ನೇ ನೋಡುತ್ತಿದ್ದರು. "ಇನ್ನೂ ಸ್ವಲ್ಪ ಉಪ್ಪಿದೆ" ಎಂದೆ. ಸೆಲ್ಮಾ ಅನುವಾದಿಸಲು ಹಿಂದೆಮುಂದೆ ನೋಡಿದಳು. ಅದಕ್ಕೆ ಮೊದಲೇ ಖಾನಮ್ ತಾವೂ ಕುಡಿದು, ನನ್ನ ಕಡೆ ನೋಡಿ ಹೌದೆಂದು ತಲೆ ಬಗ್ಗಿಸಿ, ಹಗ್ಗವನ್ನು ಮತ್ತೆ ಕ್ರಾಮರ್ ಕೈಗಿಟ್ಟರು. ಆ ರಾತ್ರಿ ಬಾವಿ ಇನ್ನೊಂದು ಸಲ ಬರಿದಾಯಿತು.

ಹೊರಟದ್ದು

ಬೆಳಿಗ್ಗೆ ವಿಮಾನದ ಅವಸರ. ಸೆಲ್ಮಾ ಇಜ್ಮಿರಿನವರೆಗೂ ಜೊತೆಗೆ ಬರುವವಳಿದ್ದಳು. ಕ್ರಾಮರ್ ಕೈಕುಲುಕಿದರು. ಅವರ ಅಂಗೈಯಲ್ಲೂ ಬೊಬ್ಬೆ. "ಬಂದರು ಕಳೆದುಕೊಂಡೆ" ಎಂದರು, ಅಷ್ಟೇ. ಅದು ದೂರೋ ಏನೋ, ಇಂದಿಗೂ ನನಗೆ ತಿಳಿಯದು.

ಜೀಪು ಖಾನಮ್ ಮನೆಯ ಮುಂದೆ ಹಾದುಹೋಗುವಾಗ ಕೈಮುಗಿದು ಹೋಗೋಣ ಎಂದುಕೊಂಡಿದ್ದೆ. ಆಕೆ ಬಾವಿಯ ಹತ್ತಿರವೇ ಇದ್ದರು. ನಮ್ಮ ಕಣ್ಣೆದುರೇ ನೀರು ಸೇದಿ, ತಂಬಿಗೆಗೆ ತುಂಬಿಕೊಂಡು, ಬಿರಬಿರನೆ ರಸ್ತೆಗೆ ಬಂದರು. ಕುಡಿಯಲು ಕೊಡುತ್ತಾರೇನೋ ಎಂದು ಜೀಪಿನವನಿಗೆ ನಿಧಾನ ಮಾಡಲು ಹೇಳಿದೆ. ಜೀಪು ಆಕೆಯನ್ನು ದಾಟಿತೋ ಇಲ್ಲವೋ, ತಂಬಿಗೆಯ ನೀರನ್ನೆಲ್ಲ ರಪ್ಪೆಂದು ನಮ್ಮ ಹಿಂದೆ ಎರಚಿದರು. ತೆರೆದ ಜೀಪು. ಸಾಹೇಬರ ಬೋರ್ಡು, ಟೋಪಿ, ನನ್ನ ಮುಖ, ಸೀರೆ ಎಲ್ಲ ಒದ್ದೆ.

ನನಗೆ ಕಣ್ಣಲ್ಲಿ ನೀರೇ ಬಂತು. ನಮ್ಮ ಕಡೆ ಯಾರಾದರೂ ಹೊರಟ ಕೂಡಲೇ ಬಾಗಿಲಿಗೆ ನೀರು ಹಾಕಿ ತೊಳೆದರೆ, ಇವರು ಮತ್ತೆ ಈ ಹೊಸಲು ತುಳಿಯುವುದು ಬೇಡ ಎಂದು ಅರ್ಥ. "ಇಷ್ಟೆಲ್ಲ ಮಾಡಿದ ಮೇಲೂ ಹಿಂಗಾ?" ಎಂದೆ. "ನಾವೇನು ಅವರ ಬಾವಿ ಕೆಡಿಸಿದ್ವಾ ಸಾಹೇಬ್ರೆ?"

ಸಾಹೇಬರು ಟೋಪಿ ತೆಗೆದು ಹಿಂಡತೊಡಗಿದರು. ಮುಂದಿನ ಸೀಟಿನಿಂದ ಸೆಲ್ಮಾ ಹಿಂದಕ್ಕೆ ತಿರುಗಿದಳು. ನನ್ನ ಮುಖ ನೋಡಿ ಅವಳಿಗೆ ಗಾಬರಿಯಾಯಿತು.

"ಅಯ್ಯೋ, ಕೋಪದಿಂದ ಅಲ್ಲ!" ಎಂದಳು. "ಮನೆಯವರು ದೂರ ಹೊರಟಾಗ ಹೀಗೆ ನೀರು ಹಾಕುತ್ತೇವೆ. ನೀರಿನ ಹಾಗೆ ಸಲೀಸಾಗಿ ಹೋಗಿ, ನೀರಿನ ಹಾಗೆ ತಿರುಗಿ ಬನ್ನಿ ಅಂತ."

ತಿರುಗಿ ನೋಡಿದೆ. ಖಾನಮ್ ಖಾಲಿ ತಂಬಿಗೆ ಹಿಡಿದುಕೊಂಡು ರಸ್ತೆಯ ನಡುವೆಯೇ ನಿಂತಿದ್ದರು. ಆಕೆಯ ಹಿಂದೆ ಹತ್ತಿ ಹೊಲ. ಕೆನ್ನೆಯಿಂದಿಳಿದ ಬಾವಿಯ ನೀರು ತುಟಿಗೆ ಬಂದಿತ್ತು. ಸೆರಗಿನಿಂದ ಒರೆಸಿಕೊಳ್ಳಹೋದವಳು ತಡೆದು, ಅದನ್ನು ನಾಲಿಗೆಯಿಂದ ಸವರಿಕೊಂಡೆ.

ಉಪ್ಪಿರಲಿಲ್ಲ.